ಮಳೆಗಾಲದ ಪಟ್ಟಿಯಲ್ಲಿ ವೈದ್ಯರ ಬದಲಿ ಹೆಸರೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಮುಂಗಾರು ಕಾಲಿಡುವ ಮೊದಲು ನಮ್ಮ ಕೊಡಗು ಜಿಲ್ಲೆಯಲ್ಲಿ ತಯಾರಿಯ ಸಭೆಗಳು ನಡೆಯುತ್ತವೆ. ಯಾವ ಹೋಬಳಿಗೆ ಎಷ್ಟು ಜೆಸಿಬಿ, ದೋಣಿ ಎಲ್ಲಿರಬೇಕು, ರಸ್ತೆಗೆ ಬಿದ್ದ ಮರ ಕೊಯ್ಯುವ ಯಂತ್ರ ಯಾರ ಬಳಿ ಇದೆ, ಯಾವ ಶಾಲೆ ಕಾಳಜಿ ಕೇಂದ್ರವಾಗುತ್ತದೆ, ಜನರೇಟರಿಗೆ ಎಷ್ಟು ಡೀಸೆಲ್ ಬೇಕು ಎಂದೆಲ್ಲ ಪಟ್ಟಿಯಾಗುತ್ತದೆ. 2018ರ ಆಗಸ್ಟ್‌ನ ಮಳೆ, ಗುಡ್ಡ ಕುಸಿತ ಕಲಿಸಿದ ಪಾಠ ಅದು, ಆಗಲೇಬೇಕಾದ ಕೆಲಸ. ಆದರೆ ಆರೋಗ್ಯ ಇಲಾಖೆಯ ಸರದಿ ಬಂದಾಗ ಸಾಮಾನ್ಯವಾಗಿ ಸಿಗುವುದು ಒಂದೇ ಸಾಲು: ವೈದ್ಯರು ಕೇಂದ್ರಸ್ಥಾನದಲ್ಲೇ ಇರತಕ್ಕದ್ದು, ರಜೆ ಮಂಜೂರಾಗುವುದಿಲ್ಲ. ಹತ್ತನೆಯ ದಿನ ಆ ವೈದ್ಯರನ್ನು ಬಿಡಿಸಿ ಕಳುಹಿಸುವವರು ಯಾರು ಎಂಬ ಕಾಲಮ್ಮು ಪಟ್ಟಿಯಲ್ಲಿ ಇರುವುದಿಲ್ಲ. ಆಸ್ಪತ್ರೆಯ ಕೆಲಸವನ್ನೂ ಆರೋಗ್ಯ ಆಡಳಿತವನ್ನೂ ಹತ್ತಿರದಿಂದ ಬಲ್ಲ ನಾವು ಕೆಲವರು ಈ ಬಿಟ್ಟುಹೋದ ಕಾಲಮ್ಮಿನ ಬಗ್ಗೆ ಬರೆಯುತ್ತಿದ್ದೇವೆ.

ವೈದ್ಯರ ಬರ್ನ್‌ಔಟ್ ಎಂದ ಕೂಡಲೇ ಅನೇಕರಿಗೆ ಅದು ಸುಸ್ತಿನ ಇನ್ನೊಂದು ಹೆಸರು ಅನ್ನಿಸುತ್ತದೆ. ಸುಸ್ತಾದವರು ಒಂದು ರಾತ್ರಿ ನಿದ್ದೆ ಮಾಡಿದರೆ ಎದ್ದು ಬರುತ್ತಾರೆ. ಇದು ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಇದನ್ನು ಕಾಯಿಲೆ ಎಂದು ಸೇರಿಸಲಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಹುಕಾಲ ಬಿಟ್ಟಾಗ ಹುಟ್ಟುವ ಸ್ಥಿತಿ ಎಂದು ಗುರುತಿಸಿ, ಮೂರು ಲಕ್ಷಣ ಹೇಳಿತು. ಒಂದು, ಮೈಮನಸ್ಸಿನ ಶಕ್ತಿ ಬತ್ತುವುದು. ಎರಡು, ಕೆಲಸದಿಂದ ಮನಸ್ಸು ದೂರ ಸರಿಯುವುದು. ಹೆಸರು ಹಿಡಿದು ಮಾತಾಡಿಸುತ್ತಿದ್ದ ರೋಗಿಯನ್ನು 'ಬೆಡ್ ನಂಬರ್ ಆರು' ಎನ್ನತೊಡಗುವುದು ಅದರ ಗುರುತು. ಮೂರು, ನನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವನೆ. ಈ ವಿವರಣೆಯಲ್ಲಿ ಗಮನಿಸಬೇಕಾದದ್ದು, ನಿಭಾಯಿಸದೆ ಬಿಟ್ಟದ್ದು ವೈದ್ಯರ ಸ್ವಭಾವವನ್ನಲ್ಲ, ಕೆಲಸದ ಜಾಗವನ್ನು. ಕೆಲಸದ ಜಾಗವನ್ನು ನಡೆಸುವವರು ಅಧಿಕಾರಿಗಳು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿ, ತಾಲ್ಲೂಕು ಆಸ್ಪತ್ರೆಗೆ ಆಡಳಿತ ವೈದ್ಯಾಧಿಕಾರಿ, ಬೋಧಕ ಆಸ್ಪತ್ರೆಯ ಘಟಕಕ್ಕೆ ಅದರ ಮುಖ್ಯಸ್ಥರು. ಹೀಗೆ ವೈದ್ಯರಿಗೆ ದಿನವೂ ಫೋನ್ ಮಾಡುವ, ಅವರ ರಜೆಗೆ ಸಹಿ ಹಾಕುವ, ಅವರ ಪರವಾಗಿ ಮೇಲೆ ಮಾತಾಡುವ ಒಬ್ಬ ವ್ಯಕ್ತಿ ಎಲ್ಲ ಕಡೆ ಇರುತ್ತಾರೆ.

ಆ ಒಬ್ಬರ ನಡವಳಿಕೆ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದನ್ನು ಅಳೆದು ನೋಡಿದ್ದಾರೆ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 2,813 ವೈದ್ಯರು ತಮ್ಮ ನೇರ ಮೇಲಧಿಕಾರಿಗೆ 60 ಅಂಕಗಳ ಮಾಪನದಲ್ಲಿ ಅಂಕ ಕೊಟ್ಟರು. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೇಲಧಿಕಾರಿ ನನ್ನನ್ನು ಗೌರವದಿಂದ ಕಾಣುತ್ತಾರೆಯೇ, ಬದಲಾವಣೆಗಳನ್ನು ಮೊದಲೇ ತಿಳಿಸುತ್ತಾರೆಯೇ, ನನ್ನ ಅಭಿಪ್ರಾಯ ಕೇಳುತ್ತಾರೆಯೇ, ಚೆನ್ನಾಗಿ ಮಾಡಿದ್ದನ್ನು ಚೆನ್ನಾಗಿದೆ ಎನ್ನುತ್ತಾರೆಯೇ ಎಂಬಂಥ ಸರಳ ಪ್ರಶ್ನೆಗಳು. ಮೇಲಧಿಕಾರಿಯ ಅಂಕ ಒಂದು ಹೆಚ್ಚಾದಂತೆ, ಅವರ ಕೈಕೆಳಗಿನ ವೈದ್ಯರಲ್ಲಿ ಬರ್ನ್‌ಔಟ್ ಸಾಧ್ಯತೆ ಶೇ 3.3ರಷ್ಟು ಕಡಿಮೆ ಕಂಡಿತು, ಕೆಲಸದ ತೃಪ್ತಿಯ ಸಾಧ್ಯತೆ ಶೇ 9ರಷ್ಟು ಹೆಚ್ಚು ಕಂಡಿತು. ಅದು ಸಾಂಕ್ರಾಮಿಕವಿಲ್ಲದ ಸಾಮಾನ್ಯ ದಿನಗಳ ಲೆಕ್ಕ, ಅದೂ ಎಲ್ಲ ಸೌಲಭ್ಯವಿರುವ ಆಸ್ಪತ್ರೆಯದು. ಮಳೆ, ಗುಡ್ಡ ಕುಸಿತ, ಜ್ವರ ಮೂರೂ ಒಟ್ಟಿಗೆ ಬರುವ ನಮ್ಮ ಕಡೆ ಮೇಲಧಿಕಾರಿಯ ಮಾತಿನ ತೂಕ ಇನ್ನೂ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ಬರ್ನ್‌ಔಟ್ ತಗ್ಗಿಸುವ ಪ್ರಯತ್ನಗಳ ಕುರಿತ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2017ರ ವಿಶ್ಲೇಷಣೆಯೂ ಇದೇ ದಿಕ್ಕಿನದು: ವೈದ್ಯರಿಗೆ ಧ್ಯಾನ, ಒತ್ತಡ ನಿರ್ವಹಣೆ ಕಲಿಸುವುದಕ್ಕಿಂತ ಕೆಲಸದ ವ್ಯವಸ್ಥೆಯನ್ನು ಬದಲಿಸಿದಾಗ ಪರಿಣಾಮ ಹೆಚ್ಚು. ಯೋಗ ಶಿಬಿರ ಬೇಡವೆಂದಲ್ಲ. ಮೂವತ್ತು ಗಂಟೆ ನಿದ್ದೆಗೆಟ್ಟವರನ್ನು ಶಿಬಿರಕ್ಕೆ ಕರೆಯುವ ಬದಲು ಮೊದಲು ಮಲಗಲು ಬಿಡಬೇಕು ಎನ್ನುತ್ತಿದ್ದೇವೆ.

ಹಾಗಾಗಿ ಬೆಂಬಲ ಎಂಬ ಮಾತು ಮೊದಲು ಡ್ಯೂಟಿ ಪಟ್ಟಿಯಲ್ಲಿ ಕಾಣಬೇಕು. ವಾರಕ್ಕೆ 168 ಗಂಟೆ. ಒಂದು ವಾರ್ಡಿನಲ್ಲಿ ಹಗಲೂ ರಾತ್ರಿಯೂ ಒಬ್ಬ ವೈದ್ಯರು ಇರಲೇಬೇಕೆಂದರೆ, ವಾರಕ್ಕೆ 48 ಗಂಟೆಯಂತೆ ಮೂರೂವರೆ ಜನ ಬೇಕು. ಕಾಯಿಲೆ, ರಜೆ, ಸಾಕ್ಷಿ ಹೇಳಲು ಕೋರ್ಟಿಗೆ ಹೋಗುವುದು, ಮರಣೋತ್ತರ ಪರೀಕ್ಷೆ ಇವನ್ನೆಲ್ಲ ಸೇರಿಸಿದರೆ ಐವರಿಲ್ಲದೆ ಆಗದು. ಮೂವರನ್ನು ಹಾಕಿ 'ಹೊಂದಿಸಿಕೊಳ್ಳಿ' ಎಂದರೆ ತಲೆಗೆ 56 ಗಂಟೆ ಬೀಳುತ್ತದೆ. ವಾರದ ರಜೆ ಇಲ್ಲ. ಮೊದಲ ವಾರ ನಡೆದುಹೋಗುತ್ತದೆ. ಎರಡನೆಯ ವಾರ ಮೂವರಲ್ಲಿ ಒಬ್ಬರಿಗೆ ಜ್ವರ ಬಂದರೆ ಉಳಿದ ಇಬ್ಬರಿಗೆ 84 ಗಂಟೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ ಶಿಫಾರಸು ಮಾಡಿದ ಮಿತಿ ವಾರಕ್ಕೆ 74 ಗಂಟೆ ಮತ್ತು ಒಂದು ದಿನ ಬಿಡುವು. ಅದನ್ನೂ ದಾಟಿದ ಮೇಲೆ ಇನ್ನೊಬ್ಬರು ಮಲಗುವುದು ಯಾವಾಗ ಎಂಬುದಷ್ಟೇ ಪ್ರಶ್ನೆ. ಡ್ಯೂಟಿ ಪಟ್ಟಿ ಒಡೆಯುವುದು ಮೂರನೆಯವರ ಜ್ವರದಿಂದಲ್ಲ, ಮೊದಲ ದಿನವೇ ಮೂವರ ಹೆಸರು ಬರೆದು ಸಹಿ ಹಾಕಿದ್ದರಿಂದ. ವೈದ್ಯರಿಲ್ಲದಿದ್ದರೆ ವಾರ್ಡುಗಳನ್ನು ಒಂದುಗೂಡಿಸಬೇಕು, ತುರ್ತಲ್ಲದ ಹೊರರೋಗಿ ವಿಭಾಗವನ್ನು ಅರ್ಧ ದಿನಕ್ಕೆ ಇಳಿಸಬೇಕು, ಶಿಬಿರ, ಶಸ್ತ್ರಚಿಕಿತ್ಸೆಗಳ ದಿನಾಂಕ ಮುಂದೂಡಬೇಕು. ಆ ನಿರ್ಧಾರ ತೆಗೆದುಕೊಂಡು ಜನರಿಗೆ ಹೇಳಬೇಕಾದವರು ಅಧಿಕಾರಿ. ಅದನ್ನು ಕೆಳಗಿನ ವೈದ್ಯರ ತಲೆಗೆ ಬಿಡುವುದು ನಾಯಕತ್ವವಲ್ಲ.

ನಿದ್ದೆಯ ವಿಷಯದಲ್ಲಿ ಭಾವುಕತೆಗೆ ಜಾಗವಿಲ್ಲ, ಅದು ರೋಗಿಯ ಸುರಕ್ಷತೆಯ ಲೆಕ್ಕ. ಸತತ 17 ಗಂಟೆ ಎಚ್ಚರವಿದ್ದವರ ಕೈಚಳಕ, ಗಮನ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಯಾದರೆ ಸುಮಾರು 100 ಮಿ.ಗ್ರಾಂ. ಇರುವವರ ಮಟ್ಟಕ್ಕೆ. ನಮ್ಮಲ್ಲಿ ವಾಹನ ಓಡಿಸಲು ಇರುವ ಮಿತಿಯೇ 30 ಮಿ.ಗ್ರಾಂ. ಮೊದಲು ತಪ್ಪುವುದು ಔಷಧದ ಪ್ರಮಾಣದ ಗುಣಾಕಾರ, ಹಿಂದಿನ ವರದಿ ನೋಡುವುದು, ಸೋಂಕು ತಗಲದಂತೆ ಹಾಕುವ ಪಿಪಿಇ ಉಡುಪನ್ನು ಕಳಚುವ ಕ್ರಮ. ಪಿಪಿಇ ಹಾಕಿಕೊಳ್ಳುವಾಗಿನದಕ್ಕಿಂತ ತೆಗೆಯುವಾಗಿನ ತಪ್ಪಿಗೆ ಬೆಲೆ ಹೆಚ್ಚು. ದಣಿದವರು ಅರಿವಿಲ್ಲದೆ ಮಾಸ್ಕಿನ ಮುಂಭಾಗ ಮುಟ್ಟುತ್ತಾರೆ, ಕೈಗವಸು ತೆಗೆದು ಕೈ ತೊಳೆಯುವ ಮೊದಲೇ ಕನ್ನಡಕಕ್ಕೆ ಕೈ ಹಾಕುತ್ತಾರೆ. ಆದ್ದರಿಂದ ಪಿಪಿಇಯಲ್ಲಿ ಆರು ಗಂಟೆಗಿಂತ ಹೆಚ್ಚು ಯಾರನ್ನೂ ನಿಲ್ಲಿಸಬಾರದು, ಕಳಚುವ ಕೋಣೆಯಲ್ಲಿ ಹೆಜ್ಜೆ ಹೆಜ್ಜೆಯನ್ನೂ ನೋಡಿ ಹೇಳಲು ಒಬ್ಬರು ಇರಬೇಕು. ಆರು ಗಂಟೆಯ ಪಾಳಿ ಎಂದರೆ ಆರೇ ಗಂಟೆಯಲ್ಲ. ಹಾಕಲು ತೆಗೆಯಲು, ಮುಂದಿನವರಿಗೆ ರೋಗಿಗಳನ್ನು ಒಪ್ಪಿಸಲು ಇನ್ನೂ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅದನ್ನು ಪಾಳಿಯೊಳಗೇ ಲೆಕ್ಕ ಹಿಡಿಯದಿದ್ದರೆ ಒಪ್ಪಿಸುವ ಕೆಲಸ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಮುಗಿಯುತ್ತದೆ, ಯಾರಿಗೆ ಇನ್ಸುಲಿನ್ ಕೊಟ್ಟಾಗಿದೆ ಎಂಬುದು ಅಲ್ಲೇ ಕಳೆದುಹೋಗುತ್ತದೆ. ರಾತ್ರಿ ಪಾಳಿಯಲ್ಲಿ ಸರದಿಯ ಮೇಲೆ 20 ನಿಮಿಷ ಕಣ್ಣು ಮುಚ್ಚಲು ಅವಕಾಶ, ಅದಕ್ಕೊಂದು ಒಣಗಿದ ಹಾಸಿಗೆ, ಮಾರನೆಯ ಬೆಳಿಗ್ಗೆ ಮನೆಗೆ ಬಿಡಲು ವಾಹನ: ಇವು ಮೂರೂ ಆದೇಶದಲ್ಲೇ ಬರೆದಿರಬೇಕು. ರಾತ್ರಿ ಕಳೆದ ವೈದ್ಯರು ಮಂಜಿನಲ್ಲಿ, ಘಾಟಿಯ ತಿರುವುಗಳಲ್ಲಿ ತಾವೇ ಕಾರು ಓಡಿಸಿಕೊಂಡು ಹೋಗುವಂತೆ ಆಗಬಾರದು.

ಕೊಡಗಿಗೆ ಇನ್ನೊಂದು ವಿಶೇಷ ತೊಡಕಿದೆ. ಇಲ್ಲಿ ರೈಲಿಲ್ಲ. ಮೈಸೂರಿನಿಂದಲೋ ಮಂಗಳೂರಿನಿಂದಲೋ ಬದಲಿ ವೈದ್ಯರು ಬರಬೇಕಾದರೆ ರಸ್ತೆಯೊಂದೇ ದಾರಿ. 2018ರಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಕುಸಿದು ಸಂಚಾರ ನಿಂತಿತ್ತು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿಯಿತು. ಆ ವರ್ಷವಂತೂ ಗುಡ್ಡ ಕುಸಿತವೂ ಕೋವಿಡ್ಡೂ ಒಂದೇ ಆಗಸ್ಟಿನಲ್ಲಿ ಜಿಲ್ಲೆಯನ್ನು ಹಿಡಿದವು. ಭಾಗಮಂಡಲದಲ್ಲಿ ನೀರೇರಿದರೆ, ಕರಿಕೆಯ ದಾರಿಯಲ್ಲಿ ಮರ ಬಿದ್ದರೆ, ಸಿದ್ದಾಪುರದ ಹತ್ತಿರ ಕರಡಿಗೋಡು, ಗುಹ್ಯದ ಮನೆಗಳಿಗೆ ಕಾವೇರಿ ನುಗ್ಗಿದರೆ, ಅಲ್ಲಿನ ಆರೋಗ್ಯ ಕೇಂದ್ರದ ವೈದ್ಯರನ್ನು ಬಿಡಿಸುವವರು ಹೊರಡುವ ಹೊತ್ತಿಗೆ ದಾರಿ ಮುಚ್ಚಿರುತ್ತದೆ. ಬದಲಿಯನ್ನು ಬೇಕಾದಾಗ ಕಳುಹಿಸುತ್ತೇವೆ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ನಡೆಯದು. ಕಕ್ಕಡದ, ಅಂದರೆ ಜುಲೈ–ಆಗಸ್ಟಿನ, ಮಳೆ ಹಿಡಿಯುವ ಮುಂಚೆಯೇ, ದಾರಿ ಕಡಿದುಹೋಗಬಹುದಾದ ಪ್ರತಿ ಕೇಂದ್ರಕ್ಕೂ ಇಬ್ಬರು ವೈದ್ಯರ ಹೆಸರು ಜೋಡಿಸಿ, ಏಳು ದಿನಕ್ಕೊಮ್ಮೆ ಬದಲಾಗುವಂತೆ ಮಾಡಬೇಕು. ಎರಡನೆಯವರು ದಾರಿ ತೆರೆದಿರುವಾಗಲೇ ಹೋಗಿ ಒಂದು ದಿನ ಜೊತೆಯಲ್ಲಿ ಕೆಲಸ ಮಾಡಿ ಬರಬೇಕು. ಯಾವ ಹಾಡಿಯಲ್ಲಿ ಗರ್ಭಿಣಿಯರಿದ್ದಾರೆ, ಯಾವ ತೋಟದ ಲೈನ್ ಮನೆಯಲ್ಲಿ ಕ್ಷಯದ ಮಾತ್ರೆ ತೆಗೆದುಕೊಳ್ಳುವವರಿದ್ದಾರೆ, ಡಯಾಲಿಸಿಸ್‌ಗೆ ಹೋಗುವವರು ಯಾರು ಎಂಬ ಪಟ್ಟಿ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿರುತ್ತದೆ. ಅದರ ಒಂದು ಪ್ರತಿ ಬದಲಿ ವೈದ್ಯರ ಕೈಗೂ ಸಿಗಲಿ.

ಕರೆಂಟು ಹೋದಾಗ ಲಸಿಕೆ ಇಡುವ ಶೀತಲ ಪೆಟ್ಟಿಗೆಯ (ಐಎಲ್‌ಆರ್) ಉಷ್ಣಾಂಶ 2ರಿಂದ 8 ಡಿಗ್ರಿಯೊಳಗೆ ಉಳಿಯಿತೇ, ಜನರೇಟರಿಗೆ ಡೀಸೆಲ್ ಇದೆಯೇ, ಬಿಲ್ಲಿಗೆ ಹಣ ಎಲ್ಲಿಂದ, ಕ್ವಾರ್ಟರ್ಸಿನ ಹೆಂಚು ಸೋರಿದ್ದಕ್ಕೆ ಯಾರಿಗೆ ಹೇಳಬೇಕು ಎಂಬ ಚಿಂತೆಗಳೂ ಇಂದು ವೈದ್ಯರ ಪಾಲಿಗೇ ಬರುತ್ತಿವೆ. ಇವೆಲ್ಲ ಚಿಕ್ಕವು ಅನ್ನಿಸಬಹುದು. ಆದರೆ ಮನುಷ್ಯರನ್ನು ಬತ್ತಿಸುವುದು ಬಹಳ ಸಲ ರೋಗಿಗಳ ಸಂಖ್ಯೆಯಲ್ಲ, ತನ್ನ ಕೈಯಲ್ಲಿಲ್ಲದ ಕೆಲಸಕ್ಕೆ ತಾನೇ ಉತ್ತರ ಹೇಳಬೇಕಾಗಿ ಬರುವುದು. ಮಳೆಗಾಲದ ನಾಲ್ಕು ತಿಂಗಳಿಗೆ ಪ್ರತಿ ಕೇಂದ್ರಕ್ಕೆ ವೈದ್ಯರಲ್ಲದ ಒಬ್ಬ ನೌಕರರನ್ನು ಈ ಕೆಲಸಗಳಿಗೆಂದೇ ಹೆಸರಿಸಿ ಆದೇಶ ಮಾಡಿದರೆ ಸಾಕು.

ಮಾಹಿತಿ ಹೋಗುವ ಬಗೆಯನ್ನೂ ನೋಡಬೇಕು. ಕೋವಿಡ್ ಕಾಲದಲ್ಲಿ ಚಿಕಿತ್ಸಾ ಕ್ರಮ, ಪ್ರತ್ಯೇಕವಾಸದ ದಿನಗಳು, ಬಿಡುಗಡೆಯ ನಿಯಮ ಮತ್ತೆ ಮತ್ತೆ ಬದಲಾದವು. ರೋಗ ಹೊಸದಾದ್ದರಿಂದ ಅದು ಸಹಜ. ಆದರೆ ಬದಲಾದದ್ದು ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ನಲವತ್ತು ಪುಟದ ಪಿಡಿಎಫ್ ಆಗಿ ಬಂದರೆ, ವೈದ್ಯರು ನಿದ್ದೆಯಲ್ಲೂ ಫೋನ್ ಹಿಡಿದಿರುತ್ತಾರೆ. ಮಳೆಯಲ್ಲಿ ಟವರ್ ಹೋದ ಕೇಂದ್ರಕ್ಕೆ ಅದು ಮುಟ್ಟುವುದೂ ಇಲ್ಲ, ಮಾರನೆಯ ದಿನ 'ನಿನ್ನೆಯೇ ಹೇಳಿದ್ದೆವಲ್ಲ' ಎಂಬ ಮಾತು ಮಾತ್ರ ಮುಟ್ಟುತ್ತದೆ. ಇದಕ್ಕೆ ನಾವು ಬಲ್ಲ ಮದ್ದು ಸರಳ. ತಾಲ್ಲೂಕು ಮಟ್ಟದಲ್ಲಿ ಒಬ್ಬರೇ ಎಲ್ಲ ಆದೇಶಗಳನ್ನೂ ಓದಿ, ಇಂದು ಬದಲಾದದ್ದು ಏನು, ಯಾವಾಗಿನಿಂದ, ನಾವು ಏನು ಮಾಡಬೇಕು ಎಂದು ಅರ್ಧ ಪುಟ ಕನ್ನಡದಲ್ಲಿ ಬರೆದು ಸಂಜೆ ಆರಕ್ಕೆ ಕಳುಹಿಸಬೇಕು. ಪ್ರಾಣಾಪಾಯದ ವಿಷಯ ಬಿಟ್ಟರೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ ಗುಂಪಿನಲ್ಲಿ ಏನೂ ಹಾಕಬಾರದು. ಪ್ರಾಣಾಪಾಯದ್ದಾದರೆ ಸಂದೇಶವಲ್ಲ, ಕರೆ. ನೆಟ್‌ವರ್ಕ್ ಇಲ್ಲದ ಕಡೆಗೆ ಸ್ಥಿರ ದೂರವಾಣಿ, ಅದೂ ಇಲ್ಲದಿದ್ದರೆ ಹತ್ತಿರದ ಪೊಲೀಸ್ ಠಾಣೆಯ ವೈರ್‌ಲೆಸ್ ಮೂಲಕ ದಿನಕ್ಕೆ ಎರಡು ಸಲ ಗೊತ್ತಾದ ಹೊತ್ತಿಗೆ ಮಾತು. ಆ ಹೊತ್ತಿಗೆ ಕರೆ ಬರುತ್ತದೆ ಎಂಬ ನಂಬಿಕೆಯೇ ಒಂಟಿಯಾಗಿ ಸಿಕ್ಕಿಬಿದ್ದ ವೈದ್ಯರಿಗೆ ದೊಡ್ಡ ಆಸರೆ.

ವರದಿಗಳದ್ದು ಇನ್ನೊಂದು ಹೊರೆ. ಜ್ವರದ ಪ್ರಕರಣಗಳನ್ನು 2021ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರದ ರೋಗ ನಿಗಾ ಜಾಲತಾಣವಾದ ಐಎಚ್‌ಐಪಿಯಲ್ಲಿ ತುಂಬುವ ವ್ಯವಸ್ಥೆ ದೇಶವಿಡೀ ಇದೆ. ಅದೇ ಅಂಕಿಯನ್ನು ತಾಲ್ಲೂಕು ಕಚೇರಿಗೆ ಒಂದು ನಮೂನೆಯಲ್ಲಿ, ಜಿಲ್ಲಾ ಕಚೇರಿಗೆ ಇನ್ನೊಂದರಲ್ಲಿ, ತಹಶೀಲ್ದಾರರಿಗೆ ಫೋನಿನಲ್ಲಿ, ಪಂಚಾಯಿತಿಗೆ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ ವೈದ್ಯರ ಎರಡು ಗಂಟೆ ಹೋಗುತ್ತದೆ. ನಾಲ್ಕು ಕಡೆ ನಾಲ್ಕು ಅಂಕಿ ಬಿದ್ದಾಗ ನೋಟಿಸ್ ಬರುವುದೂ ಅವರಿಗೇ. ಒಂದು ನಮೂನೆ, ದಿನಕ್ಕೊಂದು ಸಲ, ಬೇಕಾದವರೆಲ್ಲ ಅಲ್ಲಿಂದಲೇ ತೆಗೆದುಕೊಳ್ಳಲಿ. ಇದಕ್ಕೆ ಹಣ ಬೇಕಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿ ಉಳಿದ ಇಲಾಖೆಗಳಿಗೆ ಒಂದು ಸಲ ಗಟ್ಟಿಯಾಗಿ 'ಇಲ್ಲ' ಎನ್ನಬೇಕು, ಅಷ್ಟೆ. ಕೆಳಗಿನವರ ಪರವಾಗಿ ಮೇಲಕ್ಕೆ ಹೇಳುವ 'ಇಲ್ಲ'ವನ್ನು ನಾವು ಬೆಂಬಲದ ಅತ್ಯಂತ ಬೆಲೆಯುಳ್ಳ ರೂಪ ಎಂದುಕೊಂಡಿದ್ದೇವೆ.

ಇನ್ನು ವಾರ್ಡಿನೊಳಗಿನ ಅತಿ ಭಾರದ ವಿಷಯ. 2021ರ ಏಪ್ರಿಲ್–ಮೇ ತಿಂಗಳಲ್ಲಿ ಆಮ್ಲಜನಕದ ಕೊರತೆ ರಾಜ್ಯದ ಎಲ್ಲ ಕಡೆ ಎದೆ ನಡುಗಿಸಿತು. ಒಂದು ದೊಡ್ಡ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್, ಅಂದರೆ 7,000 ಲೀಟರ್ ಅನಿಲ. ಚೀಲವಿರುವ ಮಾಸ್ಕಿನಲ್ಲಿ ನಿಮಿಷಕ್ಕೆ 15 ಲೀಟರ್ ಬೇಕಾದ ಒಬ್ಬ ರೋಗಿಗೆ ಅದು ಏಳೂ ಮುಕ್ಕಾಲು ಗಂಟೆ ಬರುತ್ತದೆ. ಅಂಥ ಹತ್ತು ರೋಗಿಗಳಿದ್ದರೆ ದಿನಕ್ಕೆ 31 ಸಿಲಿಂಡರ್. ನಿಮಿಷಕ್ಕೆ 60 ಲೀಟರ್ ಎಳೆಯುವ ಹೈ ಫ್ಲೋ ಯಂತ್ರವೊಂದೇ ಒಂದು ಸಿಲಿಂಡರನ್ನು ಎರಡು ಗಂಟೆಯೊಳಗೆ ಮುಗಿಸುತ್ತದೆ. ಈ ಲೆಕ್ಕವನ್ನು ವಾರ್ಡಿನ ವೈದ್ಯರು ರೋಗಿಯ ತಲೆದಿಂಬಿನ ಬಳಿ ನಿಂತು ಮಾಡುವಂತಾಗಬಾರದು. ಲೆಕ್ಕ ಇಡಲು ಬೇರೆಯೇ ಒಬ್ಬರು ಇರಬೇಕು. ಪ್ರತಿ ನಾಲ್ಕು ಗಂಟೆಗೆ ಎಷ್ಟು ತುಂಬಿದ ಸಿಲಿಂಡರ್ ಇವೆ, ಮುಂದಿನ ಲಾರಿ ಎಲ್ಲಿದೆ ಎಂಬುದನ್ನು ಅವರು ಗೋಡೆಯ ಹಲಗೆಯಲ್ಲಿ ಬರೆಯಬೇಕು, 12 ಗಂಟೆಯ ದಾಸ್ತಾನಿಗೆ ಇಳಿದ ಕೂಡಲೇ ಕರೆ ಮಾಡುವುದು ಯಾರಿಗೆ ಎಂಬುದು ಮೊದಲೇ ನಿಗದಿಯಾಗಿರಬೇಕು. ಅದಕ್ಕಿಂತ ಮುಖ್ಯವಾಗಿ, ಇರುವ ಒಂದು ಹಾಸಿಗೆ ಯಾರಿಗೆ ಎಂಬ ಪ್ರಶ್ನೆ ಬಂದರೆ ಉತ್ತರ ಒಬ್ಬ ಕಿರಿಯ ವೈದ್ಯರದಾಗಬಾರದು. ಮೂವರು ಹಿರಿಯರ ಸಮಿತಿ, ಬರೆದಿಟ್ಟ ನಿಯಮ, ಮೂವರ ಸಹಿ. ರೋಗಿಯನ್ನು ನೋಡಿಕೊಳ್ಳುತ್ತಿರುವ ವೈದ್ಯರು ಆ ಸಮಿತಿಯಲ್ಲಿ ಇರಬಾರದು. ಒಬ್ಬರನ್ನು ಉಳಿಸಿದೆ, ಇನ್ನೊಬ್ಬರನ್ನು ಬಿಟ್ಟೆ ಎಂಬ ಭಾರವನ್ನು ಇಪ್ಪತ್ತಾರು ವರ್ಷದ, ಗ್ರಾಮೀಣ ಸೇವೆಗೆ ಬಂದ ಒಬ್ಬರ ಹೆಗಲಿಗೆ ಹಾಕಿದರೆ ಅದು ಸಾಂಕ್ರಾಮಿಕ ಮುಗಿದ ಮೇಲೂ ಇಳಿಯುವುದಿಲ್ಲ. ಸಾವಿನ ಸುದ್ದಿಯನ್ನು ಮನೆಯವರಿಗೆ ತಿಳಿಸುವ ಕೆಲಸವೂ ಹಾಗೆಯೇ. ಹಿರಿಯರೊಬ್ಬರು ಜೊತೆಗೆ ಕುಳಿತಿರಬೇಕು, ಒಂದೇ ದಿನ ಅಂಥ ಹಲವು ಕರೆಗಳು ಒಬ್ಬರ ಪಾಲಿಗೇ ಬರದಂತೆ ಹಂಚಬೇಕು.

ಪರಿಶೀಲನಾ ಸಭೆಗಳ ಬಗ್ಗೆ ಹೇಳದಿದ್ದರೆ ಈ ಪತ್ರ ಪ್ರಾಮಾಣಿಕವಾಗದು. ಕ್ಯಾಮೆರಾಗಳ ಮುಂದೆ, ಎಲ್ಲ ಇಲಾಖೆಯವರ ಎದುರು, ಪರೀಕ್ಷೆಯ ಗುರಿ ಮುಟ್ಟಲಿಲ್ಲವೆಂದು ವೈದ್ಯರನ್ನು ಎಬ್ಬಿಸಿ ನಿಲ್ಲಿಸಿ ಬೈಯುವ ಪದ್ಧತಿ ನಮ್ಮ ರಾಜ್ಯದಲ್ಲಿ ಇದೆ. ಗುರಿ ಮುಟ್ಟದ್ದಕ್ಕೆ ಕಾರಣ ಕಿಟ್ ಬಾರದ್ದೋ, ತಂತ್ರಜ್ಞರ ಹುದ್ದೆ ಖಾಲಿಯಿದ್ದದ್ದೋ ಇರಬಹುದು. ಬೈಗುಳ ತಿಂದು ಬಂದವರು ಮಾರನೆಯ ದಿನ ಅಂಕಿ ಹೊಂದಿಸುತ್ತಾರೆ, ತಪ್ಪು ಮುಚ್ಚಿಡುತ್ತಾರೆ, ಕಷ್ಟ ಹೇಳುವುದನ್ನು ನಿಲ್ಲಿಸುತ್ತಾರೆ. ಅಲ್ಲಿಗೆ ಅಧಿಕಾರಿಗೆ ನಿಜ ಸಂಗತಿ ತಿಳಿಯುವ ದಾರಿಯೇ ಮುಚ್ಚಿತು. ತಪ್ಪಾದರೆ ಕೋಣೆಯೊಳಗೆ ಕೇಳಿ, ಮೊದಲ ಪ್ರಶ್ನೆ 'ಯಾಕೆ ಮಾಡಲಿಲ್ಲ' ಎಂದಲ್ಲ, 'ಏನು ಅಡ್ಡ ಬಂತು' ಎಂದಿರಲಿ. ಕಾರಣ ಕೇಳುವ ನೋಟಿಸನ್ನು ಸಾಂಕ್ರಾಮಿಕದ ನಡುವೆ ಕೊಡುವ ಮೊದಲು ಆ ಜಾಗಕ್ಕೆ ಒಮ್ಮೆ ಹೋಗಿ ನೋಡಿ ಬರುವ ನಿಯಮ ಮಾಡಿಕೊಳ್ಳಿ. ಬೆಂಬಲವೆಂದರೆ ಸಡಿಲ ಬಿಡುವುದು ಎಂದು ಯಾರೂ ತಿಳಿಯಬೇಕಿಲ್ಲ. ಕೆಲಸಗಳ್ಳತನಕ್ಕೆ ಕ್ರಮ ಬೇಕು. ದಣಿದವರನ್ನೂ ಕೆಲಸಗಳ್ಳರನ್ನೂ ಬೇರೆ ಮಾಡಿ ನೋಡುವ ಕಣ್ಣು ಬೇಕು ಎನ್ನುತ್ತಿದ್ದೇವೆ.

ವೈದ್ಯರ ಮೇಲೆ ಕೈ ಮಾಡಿದಾಗ ಮೇಲಧಿಕಾರಿ ಎಲ್ಲಿ ನಿಂತರು ಎಂಬುದನ್ನು ಇಡೀ ಆಸ್ಪತ್ರೆ ನೋಡುತ್ತಿರುತ್ತದೆ. 2020ರ ಸಾಂಕ್ರಾಮಿಕ ರೋಗಗಳ ತಿದ್ದುಪಡಿ ಕಾಯ್ದೆಯಡಿ ಸಾಂಕ್ರಾಮಿಕದ ಕಾಲದಲ್ಲಿ ಆರೋಗ್ಯ ಸಿಬ್ಬಂದಿ ಮೇಲಿನ ಹಲ್ಲೆಗೆ ಮೂರು ತಿಂಗಳಿಂದ ಐದು ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ತೀವ್ರ ಗಾಯವಾದರೆ ಆರು ತಿಂಗಳಿಂದ ಏಳು ವರ್ಷ. ಇಷ್ಟಿದ್ದೂ ಎಷ್ಟೋ ಪ್ರಕರಣಗಳು ರಾಜಿಯಲ್ಲಿ ಮುಗಿಯಲು ಕಾರಣ, ದೂರು ಕೊಡುವ ಕೆಲಸವನ್ನು ಪೆಟ್ಟು ತಿಂದವರಿಗೇ ಬಿಡುವುದು. ಕೇಂದ್ರ ಆರೋಗ್ಯ ಸಚಿವಾಲಯ 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಆಸ್ಪತ್ರೆಗಳಿಗೆ ಕಳುಹಿಸಿದ ಸೂಚನೆಯಲ್ಲಿ, ಘಟನೆಯಾದ ಆರು ಗಂಟೆಯೊಳಗೆ ಸಂಸ್ಥೆಯ ಹೆಸರಿನಲ್ಲೇ ಎಫ್‌ಐಆರ್ ದಾಖಲಿಸುವ ಹೊಣೆ ಸಂಸ್ಥೆಯ ಮುಖ್ಯಸ್ಥರದು ಎಂದಿದೆ. ಅದೇ ಕ್ರಮವನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳೂ ಪ್ರಾಥಮಿಕ ಕೇಂದ್ರಗಳೂ ಪಾಲಿಸಲಿ. ಠಾಣೆಗೆ ಹೋಗಿ ಸಹಿ ಹಾಕುವವರು ಅಧಿಕಾರಿ, ವೈದ್ಯರು ಸಾಕ್ಷಿ ಮಾತ್ರ.

ಅಮೆರಿಕದಲ್ಲಿ ಕೋವಿಡ್ ಶುರುವಾದ ಮೊದಲ ವಾರಗಳಲ್ಲಿ ವೈದ್ಯರು, ದಾದಿಯರು ಸೇರಿ 69 ಮಂದಿಯನ್ನು ಎಂಟು ಗುಂಪುಗಳಲ್ಲಿ ಕೂರಿಸಿ, ನಿಮ್ಮ ಭಯವೇನು, ಮೇಲಿನವರಿಂದ ಏನು ಬೇಕು ಎಂದು ಕೇಳಿದರು. ಉತ್ತರಗಳು ಐದಕ್ಕೆ ಬಂದು ನಿಂತವು: ನಮ್ಮ ಮಾತು ಕೇಳಿ, ನಮ್ಮನ್ನು ಕಾಪಾಡಿ, ನಮ್ಮನ್ನು ಸಿದ್ಧಮಾಡಿ, ಬೆನ್ನಿಗೆ ನಿಲ್ಲಿ, ನಮಗೇ ಕಾಯಿಲೆಯಾದರೆ ನೋಡಿಕೊಳ್ಳಿ. ಮನೆಗೆ ಸೋಂಕು ಒಯ್ದರೆ ಏನು ಗತಿ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಗೊತ್ತಿಲ್ಲದ ವಿಭಾಗಕ್ಕೆ ಹಾಕಿದರೆ ಕೈ ತಡವರಿಸದೇ ಎಂಬ ಭಯಗಳು ಅಮೆರಿಕದ್ದೂ ಹೌದು, ನಮ್ಮ ಶನಿವಾರಸಂತೆಯದೂ ಹೌದು. ಕೊನೆಯ ಭಯಕ್ಕೆ ಇಲ್ಲಿ ಹೆಚ್ಚು ಗಮನ ಬೇಕು. ದಂತ ವೈದ್ಯರನ್ನು, ಆಯುಷ್ ವೈದ್ಯರನ್ನು, ಆಗಷ್ಟೇ ಕಡ್ಡಾಯ ಸೇವೆಗೆ ಬಂದವರನ್ನು ತುರ್ತಿನಲ್ಲಿ ಹೊಸ ಕೆಲಸಕ್ಕೆ ಹಾಕುವುದು ಅನಿವಾರ್ಯವಾಗಬಹುದು. ಹಾಗೆ ಹಾಕುವಾಗ ಮೊದಲ ಮೂರು ಪಾಳಿ ಬಲ್ಲವರ ಜೊತೆಯಲ್ಲಿ, ನಾಲ್ಕನೆಯದು ಒಬ್ಬರೇ ಆದರೂ ಫೋನಿನಲ್ಲಿ ಒಬ್ಬ ತಜ್ಞರ ಹೆಸರು ಗೊತ್ತಿರುವಂತೆ. ಏನು ಮಾಡಬೇಕು ಎಂಬುದರಷ್ಟೇ, ಏನು ಮಾಡಬಾರದು, ಯಾವಾಗ ಮಡಿಕೇರಿಗೆ ಕಳುಹಿಸಬೇಕು ಎಂಬುದೂ ಒಂದು ಹಾಳೆಯಲ್ಲಿ ಬರೆದು ಕೊಟ್ಟಿರಬೇಕು. ಇಲಿಜ್ವರದ ರೋಗಿಗೆ ಮೂತ್ರ ಕಡಿಮೆಯಾದರೆ, ಡೆಂಗಿಯಲ್ಲಿ ಜ್ವರ ಇಳಿದ ಮೇಲೆ ಹೊಟ್ಟೆನೋವು, ಪದೇ ಪದೇ ವಾಂತಿ ಶುರುವಾದರೆ ಕಾಯದೆ ಕಳುಹಿಸಿ ಎಂಬಂಥ ಹತ್ತು ಸಾಲು ಸಾಕು.

ಮಾತು ಕೇಳುವುದಕ್ಕೂ ಕ್ರಮವಿದೆ. ದುರಂತ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ, ಅನುಭವಿಸಿದ್ದನ್ನೆಲ್ಲ ಹೇಳಿ ಎಂದು ಬಲವಂತ ಮಾಡುವುದು ತಪ್ಪು. ಅಂಥ ಒಂದೇ ಸಲದ ಕಡ್ಡಾಯ ಮಾತುಕತೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಎಂದಿದೆ. ಪಾಳಿಯ ಕೊನೆಗೆ ಹತ್ತು ನಿಮಿಷ, ಕಾಫಿ ಹಿಡಿದು, ಮೂರೇ ಪ್ರಶ್ನೆ: ಇವತ್ತು ಯಾವುದು ಸರಿಹೋಯಿತು, ಯಾವುದು ಕಷ್ಟವಾಯಿತು, ನಾಳೆಗೆ ಏನು ಬದಲಾಗಬೇಕು. ದಾದಿಯರು, ಗ್ರೂಪ್ ಡಿ ನೌಕರರು, ಆಂಬುಲೆನ್ಸ್ ಚಾಲಕರು ಜೊತೆಯಲ್ಲಿರಲಿ, ಹಿರಿಯ ವೈದ್ಯರು ಕೊನೆಯಲ್ಲಿ ಮಾತಾಡಲಿ. ಹೇಳಿದ್ದರಲ್ಲಿ ಒಂದನ್ನಾದರೂ ಮಾರನೆಯ ದಿನ ಸರಿಮಾಡಿ, ಮಾಡಿದೆವು ಎಂದು ತಿಳಿಸಬೇಕು. ಬಿಸಿನೀರಿನ ಗೀಸರ್ ರಿಪೇರಿಯಾದರೂ ಸರಿ. ಕೇಳಿಸಿಕೊಂಡು ಸುಮ್ಮನಾದರೆ ಕೇಳದೇ ಇದ್ದದ್ದಕ್ಕಿಂತ ಕೆಡುಕು, ಮೂರನೆಯ ದಿನದಿಂದ ಯಾರೂ ಬಾಯಿ ತೆರೆಯುವುದಿಲ್ಲ. ಯಾರಾದರೂ ನಿದ್ದೆಯೇ ಬರುತ್ತಿಲ್ಲ, ಬದುಕು ಬೇಡ ಅನ್ನಿಸುತ್ತಿದೆ ಎಂದರೆ ಅದು ಕಾಫಿಯ ಮಾತಲ್ಲ, ಅಂದೇ ಮನೋವೈದ್ಯರ ಬಳಿ ಕರೆದೊಯ್ಯುವ ವಿಷಯ. ಟೆಲಿ ಮಾನಸ್‌ನ 14416 ಸಂಖ್ಯೆ ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡಬಹುದು. ಹೆಸರು ಕಡತಕ್ಕೆ ಹೋಗುತ್ತದೆ ಎಂಬ ಹೆದರಿಕೆಯಿಂದ ವೈದ್ಯರು ಇಂಥ ಸಹಾಯದಿಂದ ದೂರವಿರುತ್ತಾರೆ. ಚಿಕಿತ್ಸೆ ಪಡೆದದ್ದು ಸೇವಾ ದಾಖಲೆಗೆ ಬರುವುದಿಲ್ಲ ಎಂದು ಅಧಿಕಾರಿ ಬರಹದಲ್ಲೇ ಭರವಸೆ ಕೊಡಲಿ.

ತಾಲ್ಲೂಕು ಆರೋಗ್ಯಾಧಿಕಾರಿಯೂ ಮನುಷ್ಯರೇ. ಮೇಲಿನಿಂದ ಒತ್ತಡ, ಕೆಳಗಿನಿಂದ ಅಳಲು, ನಡುವೆ ಅವರು. ಅವರಿಗೂ ವಾರಕ್ಕೊಂದು ದಿನ ಫೋನ್ ಆಫ್ ಮಾಡುವ ಹಕ್ಕು, ಆ ದಿನ ಸಹಿ ಹಾಕುವ ಅಧಿಕಾರವುಳ್ಳ ಒಬ್ಬ ಬದಲಿ ಬೇಕು. ಗುತ್ತಿಗೆ ವೈದ್ಯರು, ದಾದಿಯರ ವೇತನ ತಿಂಗಳುಗಟ್ಟಲೆ ತಡವಾದರೆ ಮೇಲಿನ ಯಾವ ಮಾತೂ ಅವರ ಕಿವಿಗೆ ಇಳಿಯುವುದಿಲ್ಲ ಎಂಬುದನ್ನೂ ಸೇರಿಸುತ್ತೇವೆ.

ನೀರು ಇಳಿದು, ಕಾಳಜಿ ಕೇಂದ್ರಗಳು ಮುಚ್ಚಿ, ಶಾಲೆಗಳು ತೆರೆದ ಮೇಲೆ ಎಲ್ಲರೂ ಮುಗಿಯಿತು ಅಂದುಕೊಳ್ಳುತ್ತಾರೆ. ವೈದ್ಯರು ಬತ್ತುವುದು ಕಣ್ಣಿಗೆ ಬೀಳುವುದು ಬಹಳ ಸಲ ಅಲ್ಲಿಂದ ಮುಂದೆ, ಎರಡು ಮೂರು ತಿಂಗಳಿಗೆ. ರಾಜೀನಾಮೆ, ವರ್ಗಾವಣೆ ಅರ್ಜಿ, ಸಣ್ಣದಕ್ಕೆ ಸಿಡಿಮಿಡಿ, ಅದುವರೆಗೆ ಇಲ್ಲದ ರಕ್ತದೊತ್ತಡ. ಮಳೆಗಾಲದಲ್ಲಿ ತಡೆಹಿಡಿದ ರಜೆಯನ್ನು 'ಆಮೇಲೆ ನೋಡೋಣ' ಎನ್ನದೆ, ತಡೆಯುವ ಆದೇಶದಲ್ಲೇ ಯಾವ ತಾರೀಖಿನಿಂದ ಕೊಡುತ್ತೇವೆ ಎಂದು ಬರೆಯಬೇಕು. ಸೆಪ್ಟೆಂಬರಿನ ಕೈಲ್ ಪೊಳ್ದ್, ದಸರಾ, ಪುತ್ತರಿ, ಈದ್, ಕ್ರಿಸ್‌ಮಸ್‌ಗಳಲ್ಲಿ ಯಾರಿಗೆ ಮನೆಯಲ್ಲಿರಬೇಕು ಎಂದು ಜೂನ್‌ನಲ್ಲೇ ಕೇಳಿ ಬರೆದುಕೊಂಡರೆ ಯಾರೂ ಎರಡು ಹಬ್ಬ ಕಳೆದುಕೊಳ್ಳದಂತೆ ಹೊಂದಿಸಲು ಆಗುತ್ತದೆ.

ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, 2016ರಿಂದ ಮಡಿಕೇರಿಯಲ್ಲಿರುವ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಡಳಿತಕ್ಕೆ ನಮ್ಮ ಕೋರಿಕೆ ಇಷ್ಟು. ಈ ಸಲದ ಮುಂಗಾರು ಸಿದ್ಧತೆಯ ಪಟ್ಟಿಯಲ್ಲಿ ಪ್ರತಿ ಆರೋಗ್ಯ ಕೇಂದ್ರದ ಮುಂದೆ ನಾಲ್ಕು ವಿವರ ಸೇರಿಸಿ: ಬದಲಿ ವೈದ್ಯರ ಹೆಸರು, ಅವರು ಬಂದು ಸೇರುವ ದಿನ, ಅವರು ಮಲಗುವ ಕೋಣೆ, ನೆಟ್‌ವರ್ಕ್ ಇಲ್ಲದಾಗ ಅವರನ್ನು ಮುಟ್ಟುವ ದಾರಿ. ಬೋಧಕ ಆಸ್ಪತ್ರೆಯ ವೈದ್ಯರನ್ನು ಹೀಗೆ ಏಳು ದಿನಗಳ ಸರದಿಗೆ ಕಳುಹಿಸಲು ಆದೇಶ ಬೇಕಾದರೆ ಅದಕ್ಕೆ ಬರೆಯುವ ಕಾಲ ಮೇ ತಿಂಗಳು. ಜುಲೈನಲ್ಲಿ ಬರೆದರೆ ಆದೇಶ ಬರುವ ಹೊತ್ತಿಗೆ ಕರಿಕೆಯ ದಾರಿಗೆ ಮರ ಬಿದ್ದಿರುತ್ತದೆ.

ಇತಿ,
ಆರೋಗ್ಯ ಸೇವೆಯನ್ನು ಬಲ್ಲ ಕೆಲವರು,
ಮಡಿಕೇರಿ